ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬಂತು, ಪಾಠ ಯಾವಾಗ?

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕನ್ನಡದ ತರುಣರೇ, ಅಮೆರಿಕ ಎಂದರೆ ನಿಮಗೆ ವೀಸಾ ನೆನಪಾಗುತ್ತದೆ, ಡಾಲರು ನೆನಪಾಗುತ್ತದೆ. ಆ ದೇಶದ ಶಾಲೆಗಳ ಚರಿತ್ರೆಯಲ್ಲಿ ನಮಗೆ ಬೇಕಾದ ಒಂದು ತೀರ್ಪಿದೆ. ಅದನ್ನು ಮಾತ್ರ ಯಾರೂ ನಿಮಗೆ ಹೇಳುವುದಿಲ್ಲ!

ಸ್ಯಾನ್‌ಫ್ರಾನ್ಸಿಸ್ಕೋದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳನ್ನು ಯಾವ ಸಹಾಯವೂ ಇಲ್ಲದೆ ಇಂಗ್ಲಿಷ್ ತರಗತಿಯಲ್ಲಿ ಕೂಡಿಸಿದ್ದರು. ತಂದೆತಾಯಿಗಳು ಕೋರ್ಟಿಗೆ ಹೋದರು. 1974ರಲ್ಲಿ ಲಾ ವಿರುದ್ಧ ನಿಕೋಲ್ಸ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಡ್ಡಿ ಮುರಿದಂತೆ ಹೇಳಿತು: ಎಲ್ಲರಿಗೂ ಅದೇ ಪುಸ್ತಕ, ಅದೇ ಮಾಸ್ತರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ, ಭಾಷೆ ತಿಳಿಯದ ಮಗುವಿಗೆ ಆ ಶಿಕ್ಷಣ ಸಿಕ್ಕೇ ಇಲ್ಲ. ಚೀನೀ ಭಾಷೆಯಲ್ಲೇ ಕಲಿಸಿ ಎಂದೇನೂ ಕೋರ್ಟು ಹೇಳಲಿಲ್ಲ. ಮಗುವಿಗೆ ತಿಳಿಯುವಂತೆ ಮಾಡಿ ಎಂದಿತು. ನಮಗೆ ಅಷ್ಟು ಸಾಕು.

ಈಗ ನಮ್ಮ ಸಿಂಧನೂರಿಗೆ ಬನ್ನಿ. ಹತ್ತನೇ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿ ಒಳ್ಳೆ ನಂಬರು ತೆಗೆದ ಹುಡುಗಿ ಪಿಯುಸಿ ಸೈನ್ಸಿಗೆ ಕಾಲಿಟ್ಟ ದಿನವೇ ಮೂಕಿ. ನಿನ್ನೆಯವರೆಗೆ ವೇಗೋತ್ಕರ್ಷ ಎಂದು ಬರೆದವಳಿಗೆ ಇವತ್ತು ಆಕ್ಸಲರೇಷನ್. ದೀಪಾವಳಿಯೊಳಗೆ ಅರ್ಧ ಮಂದಿಗೆ ತಾವು ದಡ್ಡರೆಂಬ ನಂಬಿಕೆ ಬಂದುಬಿಡುತ್ತದೆ. ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ. ಆದರೆ ಪಾಠ ಇಂಗ್ಲಿಷಿನಲ್ಲಿ! ಕೆರೆ ತೋರಿಸಿ ಬಿಂದಿಗೆ ಕಸಿದುಕೊಳ್ಳುವ ಆಟ ಇದು.

ಕನ್ನಡದಲ್ಲಿ ವಿಜ್ಞಾನ ಸಾಧ್ಯವೇ ಎಂದು ಮೂಗು ಮುರಿಯುವ ಮಹಾನುಭಾವರು ನಮ್ಮ ನೆಲದ ಚರಿತ್ರೆ ಓದಲಿ. ರಾಯಚೂರು ಜಿಲ್ಲೆ ನಿಜಾಮನ ಕೈಯಲ್ಲಿದ್ದಾಗ, 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ಬೋಧನೆ ಉರ್ದುವಿನಲ್ಲಿ. ಭಾಷಾಂತರಕ್ಕೆಂದೇ ಒಂದು ಇಲಾಖೆ ಇಟ್ಟು, ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸಿದರು. ಭಾರತದ ಭಾಷೆಯೊಂದರಲ್ಲಿ ಡಾಕ್ಟರನ್ನು ತಯಾರಿಸಬಹುದೆಂದು ನೂರು ವರ್ಷದ ಹಿಂದೆಯೇ ಸಾಬೀತಾಗಿದೆ. ಉರ್ದುವಿನ ಮೇಲೆ ನನಗೆ ಸಿಟ್ಟಿಲ್ಲ, ಅದು ನಮ್ಮ ಓಣಿಯ ಭಾಷೆಯೇ. ಲಿಂಗಸುಗೂರಿನ ಕನ್ನಡ ಮನೆಯ ಮಗುವಿಗೆ ಆಗ ಉರ್ದು ಗೋಡೆಯಾಯಿತು, ಈಗ ಇಂಗ್ಲಿಷ್ ಗೋಡೆಯಾಗಿದೆ. 1948ರಲ್ಲಿ ನಿಜಾಮನ ಆಳ್ವಿಕೆ ಹೋಯಿತು, 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. ಗೋಡೆ ಮಾತ್ರ ಕದಲಲಿಲ್ಲ.

ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಎಂದು ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. ಖಾಸಗಿ ಶಾಲೆಗಳು ಕೋರ್ಟು ಹತ್ತಿದವು. 2014ರ ಮೇ 6ರಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು, ಮಾಧ್ಯಮದ ಆಯ್ಕೆ ತಂದೆತಾಯಿಗೆ ಬಿಟ್ಟಿದ್ದು, ಸರ್ಕಾರ ಹೇರುವಂತಿಲ್ಲ. ಆಯ್ಕೆಯಂತೆ! ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ, ಒಳ್ಳೆಯದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎನ್ನುತ್ತದೆ. ಆ ಗುಡ್ಡದ ಬುಡದಿಂದ ಗುಳೆ ಹೋಗುವ ಕೂಲಿಯವನಿಗೆ ಯಾವ ಆಯ್ಕೆ ಇದೆ? ಒಂದು ಕಡೆ ಅತಿಥಿ ಶಿಕ್ಷಕರ ಮೇಲೆ ನಿಂತ ಸರ್ಕಾರಿ ಸಾಲಿ, ಇನ್ನೊಂದು ಕಡೆ ಸಾಲ ಮಾಡಿ ಕಟ್ಟುವ ಫೀಜು.

ನಾನು ಅಚ್ಚುಕೂಟದವನು. ಏಪ್ರಿಲ್ ಬಂದರೆ ಇಂಗ್ಲಿಷ್ ಮೀಡಿಯಂ ಶಾಲೆಗಳ ಕರಪತ್ರ ರೀಮುಗಟ್ಟಲೆ ಅಚ್ಚಾಗುತ್ತವೆ. ಆ ಕರಪತ್ರ ಯಾವ ಭಾಷೆಯಲ್ಲಿರುತ್ತದೆ ಗೊತ್ತೇ? ಅಚ್ಚ ಕನ್ನಡದಲ್ಲಿ! ಅಪ್ಪನ ಜೇಬಿಗೆ ಕೈ ಹಾಕಲು ಕನ್ನಡ ಬೇಕು, ಮಗನ ತಲೆಗೆ ಪಾಠ ಹಾಕಲು ಬೇಡ. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳೂ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ಮಾನಸಿಕ ಹಿಂಸೆ ಕೊಡಬಾರದೆನ್ನುತ್ತದೆ. 29ನೇ ಕಲಮು ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಕಲಿಸಿ ಎನ್ನುತ್ತದೆ. ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ್ದಕ್ಕೆ ಶಾಲೆಯಿಂದ ಅಮಾನತಾದ 13 ವರ್ಷದ ಮೇರಿ ಬೆತ್ ಟಿಂಕರ್ ಎಂಬ ಹುಡುಗಿ 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದಳು. ನಮ್ಮ ಹುಡುಗಿ ತನ್ನ ಮಾತಿಗೇ ದಂಡ ಕಟ್ಟಿ ಸುಮ್ಮನಿರಬೇಕೇ?

ಇನ್ನೊಂದು ಮಾತು, ಕೆಲವರಿಗೆ ಕಹಿಯಾದೀತು. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಮಕ್ಕಳಿದ್ದಾರೆ. ತಿಳಿಯುವ ಭಾಷೆಯಲ್ಲಿ ಪಾಠ ಎಂಬ ಹಕ್ಕು ಆ ಮಕ್ಕಳಿಗೂ ಇದೆ. ಕನ್ನಡ ಕಲಿಯಲಿ, ಕಲಿಯಲೇಬೇಕು, ಆದರೆ ಬಂಗಾಳಿಯ ಕೈ ಹಿಡಿದು ಕಲಿಯಲಿ.

ನಾವು ಕೇಳುವುದು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸರ್ಕಾರಿ ಪಿಯು ಕಾಲೇಜುಗಳಲ್ಲಿ ವಿಜ್ಞಾನಕ್ಕೆ ಕನ್ನಡದ ಒಂದೊಂದು ಸೆಕ್ಷನ್. ಅದು ಬರುವವರೆಗೆ ಕಾಯುತ್ತ ಕೂಡುವುದು ಬೇಡ. ನಗರದ ತರುಣರೇ, ಇಂಜಿನಿಯರಿಂಗ್ ಓದಿದ್ದೀರಿ, ಮೆಡಿಕಲ್ ಓದಿದ್ದೀರಿ. ಮೊದಲ ಪಿಯುಸಿಯ ಭೌತಶಾಸ್ತ್ರದ ಒಂದೊಂದು ಪಾಠ ಹಂಚಿಕೊಂಡು ತಿಳಿಗನ್ನಡದಲ್ಲಿ ಬರೆಯಿರಿ, ಇಂಗ್ಲಿಷ್ ಪದವನ್ನು ಪಕ್ಕದಲ್ಲಿಡಿ. ಕಾಗದದ ಖರ್ಚು ಸಂಘಟನೆಯವರು ಹೊರಲಿ. ಡಿಟಿಪಿ, ಪ್ಲೇಟು, ಅಚ್ಚಿನ ಕೂಲಿ ನನ್ನದು. ಜೂನ್ ಮೊದಲ ವಾರಕ್ಕೆ ಪುಸ್ತಕ ಕೈಗೆ ಸಿಗಬೇಕಾದರೆ ಹಸ್ತಪ್ರತಿ ಮಾರ್ಚಿ ಮುಗಿಯುವುದರೊಳಗೆ ಪ್ರೆಸ್ಸಿಗೆ ಬರಬೇಕು.