ಮೇಲೆ ಜಗಳ, ಕೆಳಗೆ ಒಂದೇ ಆಕ್ಸಲ್

ಕಳೆದ ತಿಂಗಳು ಒಂದು ಶನಿವಾರ ಬೆಳಗ್ಗೆ ಭಾವ ಫೋನ್ ಮಾಡಿ, "ಲೋ, ಹಳೇ ಪ್ಯಾಂಟ್ ಹಾಕ್ಕೊಂಡು ಬಾ, ಟ್ರಕ್ ನೋಡೋಕೆ ಹೋಗೋಣ" ಅಂದರು. ನಾನಿರೋದು ಡೆಟ್ರಾಯಿಟ್ ಹತ್ತಿರ. ಅಕ್ಕ-ಭಾವ ಇರೋದು ಒಂದು ಗಂಟೆ ದೂರದ ಟೊಲೆಡೊದಲ್ಲಿ. ಐಟಿ ಕೆಲಸ ಹೋಗಿ ಎಂಟು ತಿಂಗಳಾದ ಮೇಲೆ ಭಾವ ಹೊಸ ದಾರಿ ಹಿಡಿದಿದ್ದರು. ಹರಾಜಿನಲ್ಲಿ ಮಾರಾಟವಾದ ಕಾರುಗಳನ್ನು ಟ್ರೇಲರ್ ಮೇಲೆ ಹೇರಿಕೊಂಡು ಕೊಂಡವರ ಮನೆಗೆ ಮುಟ್ಟಿಸೋ ಕೆಲಸ. ಅದಕ್ಕೆ ಹೆವಿ ಡ್ಯೂಟಿ ಪಿಕಪ್ ಬೇಕು. ಕೈಯಲ್ಲಿದ್ದದ್ದು ಉಳಿತಾಯದ ದುಡ್ಡು, ಅದರಲ್ಲೂ ಅರ್ಧ ಅಕ್ಕನ ಸಂಬಳದ್ದು. ತಪ್ಪು ಗಾಡಿ ತಗೊಂಡರೆ ಎರಡನೇ ಸಲ ಕೊಳ್ಳೋಕೆ ದುಡ್ಡಿಲ್ಲ.

ಎರಡು ಗಾಡಿ ನೋಡಿಟ್ಟಿದ್ದರು. ಎರಡೂ 2007ರವು, ಎರಡೂ ಡೀಸೆಲ್. ಒಂದು ಡಾಡ್ಜ್ ರ‍್ಯಾಮ್ 2500, ಇನ್ನೊಂದು ಷೆವರ್ಲೆ ಸಿಲ್ವರಾಡೊ 2500 ಎಚ್‌ಡಿ. ರ‍್ಯಾಮ್‌ಗೆ ಎರಡೂವರೆ ಸಾವಿರ ಡಾಲರ್ ಜಾಸ್ತಿ. ಆದರೂ ಭಾವನಿಗೆ ಅದೇ ಬೇಕು. ಯಾಕೆ ಅಂದರೆ, "ಅದರ ಹಿಂದಿನ ಆಕ್ಸಲ್ ಗಟ್ಟಿ ಕಣೋ. ಷೆವಿದು ಅಷ್ಟು ತಡೆಯಲ್ಲ. ಎಲ್ಲರೂ ಹಂಗೇ ಹೇಳ್ತಾರೆ."

ಇಲ್ಲಿ ಪಿಕಪ್ ಅಂದರೆ ಬರೀ ಗಾಡಿ ಅಲ್ಲ, ಪಕ್ಷ. ನಮ್ಮಲ್ಲಿ ಹಿಂದೆ ಬುಲೆಟ್ಟಿನವರು, ಜಾವಾದವರು ಅಂತ ಇದ್ದ ಹಾಗೆ ಇಲ್ಲಿ ಫೋರ್ಡ್ ಮನೆತನ, ಷೆವಿ ಮನೆತನ, ರ‍್ಯಾಮ್ ಮನೆತನ. ಅಪ್ಪ ಓಡಿಸಿದ್ದನ್ನೇ ಮಗನೂ ಓಡಿಸುತ್ತಾನೆ. ಹಿಂದಿನ ಗಾಜಿನ ಮೇಲೆ ಎದುರಾಳಿಯನ್ನು ಬೈಯೋ ಸ್ಟಿಕ್ಕರ್ ಬೇರೆ.

ನಾನು ಬಿಡಿಭಾಗಗಳ ಗುಣಮಟ್ಟ ನೋಡೋ ಕೆಲಸದಲ್ಲಿ ಇರೋನು. "ಭಾವ, ಎರಡರ ಕೆಳಗೂ ಒಂದ್ಸಲ ಮಲಗಿ ನೋಡಿ, ಆಮೇಲೆ ಮಾತಾಡೋಣ" ಅಂದೆ. ರಟ್ಟು ಹಾಸಿಕೊಂಡು ಮೊದಲು ರ‍್ಯಾಮ್ ಕೆಳಗೆ ತೂರಿದೆವು. ಹಿಂದಿನ ಆಕ್ಸಲ್ ಮಧ್ಯೆ ಕುಂಬಳಕಾಯಿ ಥರ ಉಬ್ಬಿರುತ್ತಲ್ಲ, ಅದರ ಮುಚ್ಚಳದ ಬೋಲ್ಟ್ ಎಣಿಸಿದೆವು: 14. ಆಮೇಲೆ ಷೆವಿ ಕೆಳಗೆ. ಅಲ್ಲೂ 14. ಅದೇ ಉಬ್ಬು, ಅದೇ ಆಕಾರ. ಭಾವ ಮಲಗಿದ್ದಲ್ಲೇ ನನ್ನ ಮುಖ ನೋಡಿದರು.

ಎರಡನ್ನೂ ಮಾಡಿದ್ದು ಒಂದೇ ಕಂಪನಿ, ಅಮೆರಿಕನ್ ಆಕ್ಸಲ್ ಅಂಡ್ ಮ್ಯಾನುಫ್ಯಾಕ್ಚರಿಂಗ್. ಒಳಗಿರೋ ಕ್ರೌನ್ ವೀಲ್‌ನ ಅಗಲ ಎರಡರಲ್ಲೂ 11.5 ಇಂಚು. ಜಿಎಂ ಇದನ್ನು 2001ರ ಮಾಡೆಲ್‌ನಿಂದ ಹಾಕಿತು, ಡಾಡ್ಜ್ 2003ರಿಂದ. ಅಂಗಡಿಯಲ್ಲಿ ಬೇರೆ ಕಂಪನಿಯ ಅಲ್ಯೂಮಿನಿಯಂ ಮುಚ್ಚಳ ಕೊಂಡರೆ ಅದೇ ಒಂದು ಮುಚ್ಚಳ ಎರಡಕ್ಕೂ ಕೂರುತ್ತದೆ.

ಹಾಗಂತ ಎರಡೂ ಪಡಿಯಚ್ಚು ಅಲ್ಲ. ಕಟ್ಟೆ ಕೂರೋ ಜಾಗ, ಬ್ರೇಕ್ ಬೇರೆ. ಕೆಸರಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗದ ಹಾಗೆ ತಡೆಯೋ ವ್ಯವಸ್ಥೆಯೂ ಬೇರೆ. ಒಂದೇ ಗಿರಣಿಯ ಹಿಟ್ಟು ತಂದರೂ ಎದುರುಬದುರು ಹೋಟೆಲಿನ ರೊಟ್ಟಿ ಬೇರೆ ಬೇರೆ ಇರುತ್ತಲ್ಲ, ಹಾಗೆ. ಆದರೆ "ಇದು ಗಟ್ಟಿ, ಅದು ಪುಸಕ್" ಅನ್ನೋ ಮಾತಿಗೆ ಮಾತ್ರ ಅಲ್ಲಿ ಜಾಗ ಇಲ್ಲ.

ಇದು ಹೇಗಾಯಿತು ಅಂದರೆ, ಮೊದಲು ಆ ಕಾರ್ಖಾನೆಗಳು ಜಿಎಂನ ಸ್ವಂತದ್ದೇ. 1994ರಲ್ಲಿ ರಿಚರ್ಡ್ ಡೌಚ್ ಮತ್ತು ಪಾಲುದಾರರು ಅವನ್ನು ಕೊಂಡು ಬೇರೆ ಕಂಪನಿ ಮಾಡಿದರು. ಈ ಡೌಚ್ ಅದಕ್ಕೂ ಮುಂಚೆ ಕ್ರೈಸ್ಲರ್‌ನಲ್ಲಿ ಉತ್ಪಾದನೆಯ ಮುಖ್ಯಸ್ಥರಾಗಿದ್ದವರು. ಮನೆಯಿಂದ ಹೊರಬಂದ ಕಂಪನಿ ಹಳೇ ಯಜಮಾನನ ಎದುರಾಳಿಗೂ ಮಾರಬಹುದಲ್ಲ! ಹಲ್ಲು ಕೊರೆಯೋ ಯಂತ್ರ, ಉಕ್ಕು ಗಟ್ಟಿ ಮಾಡೋ ಕುಲುಮೆ, ಪರೀಕ್ಷೆ, ಎಲ್ಲಕ್ಕೂ ಸಿಕ್ಕಾಪಟ್ಟೆ ಖರ್ಚು. ಇಬ್ಬರು ಗಿರಾಕಿ ಇದ್ದರೆ ಆ ಖರ್ಚು ಹಂಚಿಹೋಗುತ್ತದೆ. ಫೋರ್ಡ್ ಕಥೆಯೂ ತೀರಾ ಬೇರೆ ಅಲ್ಲ. ಸೂಪರ್ ಡ್ಯೂಟಿಯ ಮುಂದಿನ ಆಕ್ಸಲ್ ಡೇನಾ ಕಂಪನಿಯದು. ಡೇನಾ 60 ಅನ್ನೋ ಆಕ್ಸಲ್ ಒಂದು ಕಾಲದಲ್ಲಿ ಫೋರ್ಡ್, ಡಾಡ್ಜ್, ಷೆವಿ ಮೂರರ ಅಡಿಯಲ್ಲೂ ಇತ್ತು.

ಇದಕ್ಕೆ ಇನ್ನೊಂದು ಮುಖವೂ ಇದೆ. 2008ರ ಫೆಬ್ರವರಿಯಲ್ಲಿ ಅಮೆರಿಕನ್ ಆಕ್ಸಲ್‌ನ ಸುಮಾರು 3,600 ಕಾರ್ಮಿಕರು ಕೂಲಿ ಕಡಿತದ ವಿರುದ್ಧ ಮುಷ್ಕರ ಹೂಡಿದರು. ಮಿಷಿಗನ್ ಮತ್ತು ನ್ಯೂಯಾರ್ಕ್ ರಾಜ್ಯದ ಐದು ಕಾರ್ಖಾನೆ ನಿಂತವು. ಆಕ್ಸಲ್ ಇಲ್ಲದೆ ಟ್ರಕ್ ಎಲ್ಲಿಂದ ಬರಬೇಕು? ಜಿಎಂನ ಸುಮಾರು 30 ಕಾರ್ಖಾನೆಗಳು ಪೂರ್ತಿಯೋ ಅರ್ಧವೋ ನಿಂತವು. ಮುಷ್ಕರ ಮೇ ತಿಂಗಳ ತನಕ ನಡೆಯಿತು. ರಾಜಿಗಾಗಿ ಜಿಎಂ ತಾನೇ 20 ಕೋಟಿ ಡಾಲರಿಗೂ ಹೆಚ್ಚು ಕೊಡಬೇಕಾಯಿತು. ಆದರೂ ಕೂಲಿ ಇಳಿಯಿತು. ಕೊನೆಗೆ ಡೆಟ್ರಾಯಿಟ್‌ನ ಆ ದೊಡ್ಡ ಕಾರ್ಖಾನೆ 2012ರಲ್ಲಿ ಮುಚ್ಚಿಹೋಯಿತು. ಟ್ರಕ್ಕಿನ ಮೂತಿಯ ಮೇಲಿರೋ ಹೆಸರು ಎಲ್ಲರಿಗೂ ಗೊತ್ತು. ಭಾರ ಹೊರೋದನ್ನು ಮಾಡಿದವರು ನೆನಪಾಗೋದು ಅವರು ಕೈ ಕಟ್ಟಿ ಕೂತಾಗ ಮಾತ್ರ.

ನನಗೆ ಇದು ಹೊಸದಲ್ಲ. ನಾನು ಬೆಳೆದದ್ದು ಮೈಸೂರಿನ ಹೂಟಗಳ್ಳಿ ಕಡೆ. ಅಲ್ಲಿನ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಅಶೋಕ್ ಲೇಲ್ಯಾಂಡ್ ಸೇರಿದಂತೆ ಟ್ರಕ್ ಮಾಡೋರಿಗೆ ಆಕ್ಸಲ್ ಕೊಡುತ್ತೆ. ಶಾಲೆಗೆ ಹೋಗೋವಾಗ ಆ ಗೇಟು ದಿನಾ ನೋಡ್ತಿದ್ದೆ. ರಸ್ತೆಯಲ್ಲಿ ಲಾರಿ ಹೋದರೆ ಮಾತ್ರ ನಾವು ಹುಡುಗರು ಓದ್ತಿದ್ದದ್ದು ಮುಂದಿನ ಹೆಸರನ್ನೇ.

ಸರಿ, ಟೊಲೆಡೊಗೆ ಬರೋಣ. ಹೆಸರು ಬಿಟ್ಟು ಆಕ್ಸಲ್‌ನ ಆರೋಗ್ಯ ನೋಡೋಣ ಅಂತ ಮಾಲೀಕರ ಒಪ್ಪಿಗೆ ಕೇಳಿ ಎಣ್ಣೆ ತುಂಬೋ ಪ್ಲಗ್ ಬಿಚ್ಚಿಸಿದೆ. ಷೆವಿಯ ಎಣ್ಣೆ ಕಂದು ಬಣ್ಣ, ಬೆರಳಿಗೆ ನುಣ್ಣಗಿತ್ತು. ರ‍್ಯಾಮ್‌ದು ಕಪ್ಪಗಿತ್ತು, ಬಿಸಿಲಿಗೆ ಹಿಡಿದರೆ ಮಿಣಮಿಣ ಅಂತಿತ್ತು. ಲೋಹದ ಪುಡಿ. ಯಾರೋ ವಿಪರೀತ ಭಾರ ಎಳೆದು, ಎಣ್ಣೆ ಬದಲಾಯಿಸದೆ ಓಡಿಸಿದ್ದಾರೆ. ಬೇರಿಂಗ್ ಹೋಗಿರಬಹುದು, ಕ್ರೌನ್ ವೀಲ್ ಹಲ್ಲೂ ಹೋಗಿರಬಹುದು. ಭಾವ ಎರಡೂವರೆ ಸಾವಿರ ಜಾಸ್ತಿ ಕೊಟ್ಟು ತಗೋಬೇಕು ಅಂತಿದ್ದದ್ದು ಇದನ್ನೇ.

ಷೆವಿ ತಗೊಂಡರು. ಎಂಜಿನ್ನು, ಗೇರ್‌ಬಾಕ್ಸನ್ನು ಬೇರೆ ಮೆಕ್ಯಾನಿಕ್ ಹತ್ತಿರ ತೋರಿಸಿಯೇ ತಗೊಂಡರು. ಉಳಿದ ದುಡ್ಡಿನಲ್ಲಿ ಹೊಸ ಟೈರು, ಬ್ರೇಕು, ಎಲ್ಲಾ ಎಣ್ಣೆ ಬದಲಾವಣೆ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೊರಟಿದ್ದರೆ ನೀವೂ ಒಂದು ರಟ್ಟು ತಗೊಂಡು ಹೋಗಿ. ರಿವ್ಯೂ ವೀಡಿಯೊ ಹತ್ತು ನೋಡೋ ಬದಲು ಗಾಡಿ ಕೆಳಗೆ ಹತ್ತು ನಿಮಿಷ ಮಲಗಿ.

ಮೊನ್ನೆ ಭಾವ ಮೊದಲ ಟ್ರಿಪ್ ಮುಗಿಸಿ ಫೋನ್ ಮಾಡಿದ್ದರು. ದಾರಿಯಲ್ಲಿ ಡೀಸೆಲ್ ಹಾಕಿಸೋವಾಗ ಪಕ್ಕದಲ್ಲಿ ನಿಂತಿದ್ದ ರ‍್ಯಾಮ್‌ನವನು, "ಷೆವಿ ಆಕ್ಸಲ್ ಇಷ್ಟು ಭಾರ ತಡೆಯುತ್ತಾ?" ಅಂತ ಕೇಳಿದನಂತೆ.

"ನೀವೇನಂದ್ರಿ?"

"ನಿನ್ನ ಗಾಡಿ ಕೆಳಗೆ ಬಗ್ಗಿ ನೋಡಪ್ಪ ಅಂದೆ."