ನಗರ ಪ್ರದೇಶಗಳಲ್ಲಿ ಖಾಸಗಿ ಶಾಲೆಗೆ ಕಟ್ಟಡ ಮತ್ತು ಸ್ಥಳದ ಆಯ್ಕೆ: ಅರ್ಜಿದಾರ ಸಂಸ್ಥೆಗಳ ಗಮನಕ್ಕೆ

ನಗರ ಪ್ರದೇಶಗಳಲ್ಲಿ ಹೊಸದಾಗಿ ಅನುದಾನರಹಿತ ಶಾಲೆ ಪ್ರಾರಂಭಿಸಲು ಇಚ್ಛಿಸುವ ಟ್ರಸ್ಟ್ ಹಾಗೂ ಸಂಘ-ಸಂಸ್ಥೆಗಳಲ್ಲಿ ಹಲವು, ಮೊದಲು ಕಟ್ಟಡವೊಂದನ್ನು ಬಾಡಿಗೆಗೆ ಪಡೆದು, ಮುಂಗಡ ಪಾವತಿಸಿ, ನಾಮಫಲಕ ಹಾಕಿ, ಆ ಬಳಿಕ ನೋಂದಣಿ ಹಾಗೂ ಮಾನ್ಯತೆಗಾಗಿ ಅರ್ಜಿ ಸಲ್ಲಿಸುತ್ತವೆ. ಈ ಕ್ರಮವು ತಲೆಕೆಳಗಾದುದು. ಅರ್ಜಿಯು ತಿರಸ್ಕೃತವಾದಲ್ಲಿ ಮುಂಗಡದ ಹಣವಷ್ಟೇ ನಷ್ಟವಾಗುವುದಿಲ್ಲ. ಅಷ್ಟರೊಳಗೆ ದಾಖಲಾದ ಮಕ್ಕಳ ಪೋಷಕರು ಬೇರೊಂದು ಶಾಲೆಯನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಪ್ರಕರಣದ ಮೇರೆಗೆ ಮಾನ್ಯತೆ ಇಲ್ಲದೆ ಶಾಲೆ ನಡೆಸುವವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದ್ದು, ಉಲ್ಲಂಘನೆ ಮುಂದುವರಿದಲ್ಲಿ ದಿನವೊಂದಕ್ಕೆ 10,000 ರೂಪಾಯಿ, ಅಂದರೆ ತಿಂಗಳಿಗೆ 3 ಲಕ್ಷ ರೂಪಾಯಿ ಆಗುತ್ತದೆ.

ಕಟ್ಟಡದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಏಕೆ ಎಂದು ಕೇಳುವವರುಂಟು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿಯು ತರಗತಿಯ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಮೃತಪಟ್ಟರು. ಒಂದೇ ಇಕ್ಕಟ್ಟಾದ ಕಟ್ಟಡದಲ್ಲಿ ಒಂದಕ್ಕಿಂತ ಹೆಚ್ಚು ಶಾಲೆಗಳು ನಡೆಯುತ್ತಿದ್ದವು, ಮೆಟ್ಟಿಲು ಕಿರಿದಾಗಿತ್ತು. ಈ ದುರಂತದ ಹಿನ್ನೆಲೆಯಲ್ಲಿ ದಾಖಲಾದ ಅವಿನಾಶ್ ಮೆಹರೋತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪು ನೀಡಿ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಗಿದೆ ಎಂದು ಸ್ಪಷ್ಟಪಡಿಸಿತು. ಕಟ್ಟಡವು ರಾಷ್ಟ್ರೀಯ ಕಟ್ಟಡ ಸಂಹಿತೆಗೆ ಅನುಗುಣವಾಗಿ ಸುರಕ್ಷಿತವಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಮಾನ್ಯತೆ ನೀಡತಕ್ಕದ್ದು ಎಂದೂ ನಿರ್ದೇಶಿಸಿತು. ಅರ್ಜಿಯೊಂದಿಗೆ ಕಟ್ಟಡದ ಭದ್ರತಾ ಪ್ರಮಾಣಪತ್ರ ಹಾಗೂ ಅಗ್ನಿ ಸುರಕ್ಷತೆಯ ದಾಖಲೆಗಳನ್ನು ಕೇಳುವುದರ ಮೂಲ ಇಲ್ಲಿದೆ.

ಸದರಿ ಸಂಹಿತೆಯ ಪ್ರಕಾರ ಶಾಲಾ ಕಟ್ಟಡದ ಮೆಟ್ಟಿಲು ಕನಿಷ್ಠ 1.5 ಮೀಟರ್, ಅಂದರೆ ಸುಮಾರು 5 ಅಡಿ ಅಗಲವಿರಬೇಕು. ವಾಸದ ಮನೆಗಳಲ್ಲಿ ಸಾಮಾನ್ಯವಾಗಿ 3 ಅಡಿಯ ಮೆಟ್ಟಿಲಿರುತ್ತದೆ. ಮನೆಯನ್ನು ಶಾಲೆಯಾಗಿ ಮಾರ್ಪಡಿಸುವ ಬಹುತೇಕ ಪ್ರಸ್ತಾವನೆಗಳು ಎಡವುವುದು ಇಂತಹ ಕಡೆಯಲ್ಲೇ. ಗೋಡೆ ಒಡೆದು ಕೊಠಡಿಯನ್ನು ದೊಡ್ಡದು ಮಾಡಬಹುದು, ಹೆಚ್ಚುವರಿ ಶೌಚಾಲಯ ಕಟ್ಟಿಸಬಹುದು. ಮೆಟ್ಟಿಲನ್ನು ಅಗಲಿಸುವುದು ಸುಲಭವಲ್ಲ. ಆದುದರಿಂದ ಕಟ್ಟಡ ನೋಡಲು ಹೋಗುವಾಗ ಅಳತೆ ಟೇಪು ಜೊತೆಯಲ್ಲಿರುವುದು ಒಳ್ಳೆಯದು.

ಸ್ಥಳಾವಕಾಶದ ಲೆಕ್ಕವೂ ಹೀಗೆಯೇ. 30x40 ಅಡಿ ನಿವೇಶನದ ವಿಸ್ತೀರ್ಣ 1,200 ಚದರ ಅಡಿ. 1ರಿಂದ 8ನೇ ತರಗತಿವರೆಗೆ ತಲಾ ಒಂದೇ ವಿಭಾಗವೆಂದರೂ, 20x20 ಅಡಿಯ 8 ಕೊಠಡಿಗಳಿಗೆ 3,200 ಚದರ ಅಡಿ ಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಇದರ ಜೊತೆಗೆ ಕಚೇರಿ ಕೊಠಡಿ, ಬಾಲಕ-ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಅಂಗವಿಕಲ ಮಕ್ಕಳಿಗೆ ಅಡೆತಡೆಯಿಲ್ಲದ ಪ್ರವೇಶ, ಆಟದ ಮೈದಾನ, ಆವರಣ ಗೋಡೆ ಅಥವಾ ಬೇಲಿಯನ್ನು ಬಯಸುತ್ತದೆ. ಮಹಡಿಯ ಮೇಲೆ ಮಹಡಿ ಏರಿಸಿ ಕೊಠಡಿಗಳನ್ನು ಹೊಂದಿಸಬಹುದಾದರೂ ಮೈದಾನವನ್ನು ಏರಿಸಲಾಗದು.

ಕಡಿಮೆ ಶುಲ್ಕದ ಸಣ್ಣ ಶಾಲೆಗಳಿಗೆ ಈ ನಿಯಮಗಳು ಭಾರವಾಗುತ್ತವೆ ಎಂಬ ಅಹವಾಲಿನಲ್ಲಿ ತಥ್ಯವಿದೆ. ಉದಾಹರಣೆಗೆ, ತಿಂಗಳಿಗೆ 2 ಲಕ್ಷ ರೂಪಾಯಿ ಬಾಡಿಗೆಯ ಕಟ್ಟಡದಲ್ಲಿ 160 ಮಕ್ಕಳಿದ್ದರೆ, ಬಾಡಿಗೆಯೊಂದೇ ವರ್ಷಕ್ಕೆ ಪ್ರತಿ ಮಗುವಿಗೆ 15,000 ರೂಪಾಯಿ ಬೀಳುತ್ತದೆ. ಶಿಕ್ಷಕರ ವೇತನ ಇನ್ನೂ ಲೆಕ್ಕಕ್ಕೆ ಬಂದಿರುವುದಿಲ್ಲ. ಶ್ರಮಿಕ ಕುಟುಂಬಗಳು ದಟ್ಟವಾಗಿರುವ ಬಡಾವಣೆಗಳಲ್ಲಿ ಇದನ್ನು ಶುಲ್ಕದಿಂದ ತುಂಬಿಸುವುದು ಕಷ್ಟ. ಮೈದಾನದ ವಿಚಾರದಲ್ಲಿ ನೆರೆಯ ಸಂಸ್ಥೆಗಳು ಹಂಚಿಕೊಂಡು ಬಳಸುವ ಬಗೆಗೆ ಚರ್ಚೆಗೆ ಅವಕಾಶವಿರಬಹುದು. ಮೆಟ್ಟಿಲು, ನಿರ್ಗಮನ ದ್ವಾರ, ಚಾವಣಿಗಳ ವಿಚಾರದಲ್ಲಿ ಅಂತಹ ಚರ್ಚೆಗೆ ಎಡೆಯಿಲ್ಲ.

ಬಾಡಿಗೆ ಕರಾರಿನ ಅವಧಿಯೂ ಗಮನಾರ್ಹ. 1ನೇ ತರಗತಿಗೆ ಸೇರಿದ ಮಗು 8 ವರ್ಷ ಅದೇ ಶಾಲೆಯಲ್ಲಿ ಓದಬೇಕಾಗಿರುವಾಗ, 11 ತಿಂಗಳ ಕರಾರಿನ ಮೇಲೆ ಶಾಲೆ ನಡೆಸುವುದು ಸಮಂಜಸವಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸತಕ್ಕದ್ದು. ಮುದ್ರಾಂಕ ಶುಲ್ಕ ಉಳಿಸಲು 11 ತಿಂಗಳಿಗೆ ಬರೆಸಿಕೊಳ್ಳುವ ಪರಿಪಾಠವು ಮನೆ ಬಾಡಿಗೆಗೆ ಸರಿಹೋಗಬಹುದು.

ಬೆಂಗಳೂರಿನಲ್ಲಿ ಅಭಿವೃದ್ಧಿ ಪ್ರಾಧಿಕಾರದ ನಾಗರಿಕ ಸೌಲಭ್ಯ (ಸಿ.ಎ.) ನಿವೇಶನಗಳನ್ನು ಗುತ್ತಿಗೆಗೆ ಪಡೆಯುವುದು ಇನ್ನೊಂದು ಮಾರ್ಗ. ಇಂತಹ ನಿವೇಶನಗಳು ಮಿತವಾಗಿದ್ದು, ಹಂಚಿಕೆಯಾದ ಉದ್ದೇಶಕ್ಕೆ ಮಾತ್ರ ಬಳಸತಕ್ಕದ್ದು. ಬಡಾವಣೆಯ ಉದ್ಯಾನದ ಜಾಗವನ್ನೇ ಶಾಲೆಗೆ ಕೊಡಿಸುವಂತೆ ಕೋರುವುದರಿಂದ ಪ್ರಯೋಜನವಿಲ್ಲ. ಸದಾಶಿವನಗರದಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ನೀಡಿದ್ದನ್ನು ಸರ್ವೋಚ್ಚ ನ್ಯಾಯಾಲಯವು 1991ರಲ್ಲೇ ಒಪ್ಪಲಿಲ್ಲ. ನಗರದಂಚಿನ ಕೃಷಿ ಜಮೀನು ಅಗ್ಗವಾಗಿ ಕಂಡರೂ 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಭೂ ಪರಿವರ್ತನೆಯಾಗಿರಬೇಕು. ರಾಜಕಾಲುವೆ ಹಾಗೂ ಕೆರೆಯ ಮೀಸಲು ವಲಯದೊಳಗೆ ಇರಬಾರದು. ಅಲ್ಲಿಗೆ ಮಕ್ಕಳನ್ನು ಕರೆತರುವ ವಾಹನದ ವೆಚ್ಚವನ್ನೂ ಬಾಡಿಗೆಯ ಲೆಕ್ಕಕ್ಕೆ ಸೇರಿಸಿ ನೋಡುವುದು ಸೂಕ್ತ.

ಇತ್ತೀಚಿನ ಒಂದು ಬೆಳವಣಿಗೆಯನ್ನು ಅರ್ಜಿದಾರರು ವಿಶೇಷವಾಗಿ ಗಮನಿಸುವುದು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸ್ವಾಧೀನಾನುಭವ ಪತ್ರ ಹಾಜರುಪಡಿಸಿದ ನಂತರವೇ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ನೀಡಬೇಕೆಂದೂ, ಬ್ಯಾಂಕುಗಳು ಸದರಿ ಪತ್ರವನ್ನು ಪರಿಶೀಲಿಸಿಯೇ ಸಾಲ ಮಂಜೂರು ಮಾಡಬೇಕೆಂದೂ ನಿರ್ದೇಶಿಸಿದೆ. ಕಟ್ಟಡದ ಮಾಲೀಕರು ಖಾತೆ ಹಾಗೂ ತೆರಿಗೆ ರಸೀದಿ ತೋರಿಸಿದ ಮಾತ್ರಕ್ಕೆ ಕಟ್ಟಡವು ಅಧಿಕೃತವೆಂದು ಭಾವಿಸತಕ್ಕದ್ದಲ್ಲ.

ಕರಾರಿಗೆ ಸಹಿ ಮಾಡುವ ಮುನ್ನ ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ, ಭೂಬಳಕೆಯ ವಿವರ ಹಾಗೂ ಮುಂದಿನ ರಸ್ತೆಯ ಅಗಲವನ್ನು ಮಾಲೀಕರಿಂದ ಲಿಖಿತವಾಗಿ ಪಡೆದು, ಸ್ಥಳೀಯ ಸಂಸ್ಥೆಯಲ್ಲಿ ತಾಳೆ ನೋಡಿಕೊಳ್ಳಲು ಕೋರಲಾಗಿದೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲಿಗೆ 5 ನಗರ ಪಾಲಿಕೆಗಳು ರಚನೆಯಾಗಿರುವುದರಿಂದ, ಕಟ್ಟಡವು ಯಾವ ಪಾಲಿಕೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು. ಆ ಬಳಿಕ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯತಕ್ಕದ್ದು.