ಬೀಗ ಹಾಕಿದ ಮನೆ ಪಾಳುಮನೆ ಅಲ್ಲ ಸ್ವಾಮೀ

ಮೊನ್ನೆ ಭಾನುವಾರ ಬೆಳಿಗ್ಗೆ ಆರೂವರೆಗೆ ಕೀಲ್ಪಾಕಿನ ನ್ಯೂ ಆವಡಿ ರಸ್ತೆಯ ಟೀ ಅಂಗಡಿ ಮುಂದೆ ನಿಂತು ಒಬ್ಬ ಹುಡುಗನ ಜೊತೆ ಜಗಳ ಮಾಡಿಕೊಂಡೆ. ಹುಡುಗ ನಮ್ಮವನೇ, ಶಿವಮೊಗ್ಗದ ಕಡೆಯವನು, ಇಲ್ಲಿ ಐಟಿಯಲ್ಲಿದ್ದಾನೆ. ನಾವು ಆರೇಳು ಜನ ತಿಂಗಳಿಗೊಮ್ಮೆ ಕ್ಯಾಮರಾ ಹೆಗಲಿಗೇರಿಸಿ ಊರು ಸುತ್ತುತ್ತೇವೆ. ಅವನು ಟೀ ಹೀರುತ್ತಾ, "ಅಂಕಲ್, ನಿಮ್ಮ ಏರಿಯಾದಲ್ಲಿ ಹುಚ್ಚಾಸ್ಪತ್ರೆ ಇದೆಯಂತಲ್ಲ, ಹಳೇ ಬ್ರಿಟಿಷ್ ಕಾಲದ್ದು. ಕಾಂಪೌಂಡ್ ಹತ್ತಿದರೆ ಒಳ್ಳೇ ಫ್ರೇಮ್ ಸಿಗುತ್ತೆ" ಅಂದ.

ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ. ನಾನು ಧಾರವಾಡ ಜಿಲ್ಲೆಯವನು. ನಮ್ಮ ಕಡೆ ಯಾರಾದರೂ ತಿಕ್ಕಲು ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತಾರೆ. 1995ರಲ್ಲಿ ವರ್ಗವಾಗಿ ಬಂದು ಕೀಲ್ಪಾಕಿನಲ್ಲಿ ಮನೆ ಹಿಡಿದೆ ಅಂದಾಗ ಬ್ಯಾಂಕಿನ ತಮಿಳು ಗೆಳೆಯರು ಬಿದ್ದು ಬಿದ್ದು ನಕ್ಕರು. ಆ ಮಾತಿಗೆ ಇಲ್ಲಿ ಕೀಲ್ಪಾಕ್ ಅನ್ನುತ್ತಾರೆ! ಒಂದು ಹುಚ್ಚಾಸ್ಪತ್ರೆಯಿಂದ ಇನ್ನೊಂದಕ್ಕೆ ಟ್ರಾನ್ಸ್‌ಫರ್ ತೆಗೆದುಕೊಂಡ ಏಕೈಕ ಬ್ಯಾಂಕ್ ನೌಕರ ನಾನು ಅಂತ ಈಗಲೂ ಹಂಗಿಸುತ್ತಾರೆ. ಹಾಗಾಗಿ ಆ ಕಾಂಪೌಂಡಿನ ಬಗ್ಗೆ ನನಗೆ ಸ್ವಲ್ಪ ಅಭಿಮಾನವೇ ಇದೆ ಅನ್ನಿ.

1794ರಲ್ಲಿ ಶುರುವಾದ ಆಸ್ಪತ್ರೆ ಅದು. ಈಗಿರುವ ಜಾಗಕ್ಕೆ ಬಂದದ್ದು 1871ರಲ್ಲಿ. ಈಗ ಅದರ ಹೆಸರು ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್. ಹಳೆಯದು ನಿಜ, ಆದರೆ ಯಾರೂ ಬಿಟ್ಟುಹೋದ ಕಟ್ಟಡ ಅಲ್ಲ. ಒಳಗೆ ರೋಗಿಗಳಿದ್ದಾರೆ, ಹೊರಗೆ ಚೀಟಿ ಹಿಡಿದು ಕಾಯುವ ತಾಯಂದಿರಿದ್ದಾರೆ. ಹೀಗೆ ಚಿಕಿತ್ಸೆಯಲ್ಲಿರುವವರ ಫೋಟೋವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 24ನೇ ಕಲಮಿನಲ್ಲಿ ಬರೆದೇ ಇದೆ. ಇದನ್ನು ಹೇಳಿದ್ದಕ್ಕೆ ಹುಡುಗ ಕೊಟ್ಟ ಉತ್ತರ: "ಕಾನೂನು ಬಿಡಿ ಅಂಕಲ್, ಆರ್ಟ್ ಅಲ್ವಾ. ಕೇಳಿ ತೆಗೆದರೆ ಫೋಟೋದಲ್ಲಿ ನಿಜ ಇರಲ್ಲ."

ನನ್ನ ಪಿತ್ತ ನೆತ್ತಿಗೇರಿದ್ದು ಆಗ. ಯಾಕೆಂದರೆ ಹದಿನೈದು ವರ್ಷ ಈ ಮಾತನ್ನೇ ನಾನೂ ಆಡಿಕೊಂಡು ತಿರುಗಿದ್ದೇನೆ!

2009ರಲ್ಲಿ ನನ್ನ ಹತ್ತಿರ ಹೊಸ ನಿಕಾನ್ ಡಿ60 ಇತ್ತು. ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಒಂದು ಹಳೇ ಬಂಗಲೆ. ಕೀಲ್ಪಾಕ್ ಒಂದು ಕಾಲಕ್ಕೆ ತೋಟದ ಮನೆಗಳ ಊರು. ನಾನು ಬಂದಾಗಲೂ ಮಾವಿನ ಮರ, ಪೋರ್ಟಿಕೋ, ಬಾವಿ ಇರುವ ಮನೆಗಳು ಅಲ್ಲಲ್ಲಿ ಉಳಿದಿದ್ದವು. ಇದೂ ಅಂಥದ್ದೇ. ಗೇಟಿಗೆ ತುಕ್ಕು ಹಿಡಿದ ಬೀಗ, ಹೆಂಚಿನ ಮೇಲೆ ಅರಳಿ ಗಿಡ. ಭಾನುವಾರ ಬೆಳಿಗ್ಗೆ ಹಿಂದಿನ ಗೋಡೆ ಕುಸಿದ ಕಡೆಯಿಂದ ಒಳಗೆ ನುಗ್ಗಿದೆ. ಬ್ಯಾಂಕ್ ಅಧಿಕಾರಿ, ಎರಡು ಮಕ್ಕಳ ತಂದೆ, ಗೋಡೆ ಹಾರಿದೆ. ಒಳಗೆ ಹಜಾರದಲ್ಲಿ 1998ರ ಕ್ಯಾಲೆಂಡರ್, ಮೂಲೆಯಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆಗಳು. ಮಕ್ಕಳನ್ನು ನಿಲ್ಲಿಸಿ ಎತ್ತರ ಅಳೆದು ಗೀಚುತ್ತೇವಲ್ಲ, ಅದು. ಪಕ್ಕದಲ್ಲಿ ತಮಿಳಿನಲ್ಲಿ ಮೂರು ಹೆಸರು, ತಾರೀಖು. ಹರಿದ ಕಿಟಕಿಯಿಂದ ಬೆಳಕು ಓರೆಯಾಗಿ ಅದರ ಮೇಲೇ ಬಿದ್ದಿತ್ತು. ಇನ್ನೇನು ಬೇಕು!

ಆ ಫೋಟೋಗೆ "ಕಾಲ ನಿಂತ ಮನೆ" ಅಂತ ಹೆಸರಿಟ್ಟು, ಹನ್ನೆರಡು ಹದಿನೆಂಟು ಇಂಚಿಗೆ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಶಾಖೆಯ ನನ್ನ ಕ್ಯಾಬಿನ್ನಿನಲ್ಲಿ ನೇತುಹಾಕಿದೆ. ಬಂದವರೆಲ್ಲ ಹೊಗಳಿದರು. ರೀಜನಲ್ ಆಫೀಸಿನ ಸಾಹೇಬರೂ ಹೊಗಳಿದರು.

2012ರಲ್ಲಿ ಒಬ್ಬ ವಯಸ್ಸಾದ ಹೆಂಗಸು ಲಾಕರಿನ ನಾಮಿನಿ ಬದಲಾಯಿಸಲು ಬಂದರು. ಫಾರಂ ತುಂಬಿಸುತ್ತಾ ಕೂತವರು ಪೆನ್ನು ಕೆಳಗಿಟ್ಟು ಗೋಡೆಯ ಕಡೆ ನೋಡುತ್ತಲೇ ಇದ್ದರು. ಆಮೇಲೆ ಎದ್ದು ಹತ್ತಿರ ಹೋಗಿ, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡಿದರು. ಅದು ಅವರ ತೌರುಮನೆ. ಆ ಗೆರೆ ಎಳೆದದ್ದು ಅವರೇ, ಅಣ್ಣನ ಮಕ್ಕಳಿಗೆ. ಅಣ್ಣ ತೀರಿಕೊಂಡ ಮೇಲೆ ಪಾಲಿನ ದಾವೆ ಬಿದ್ದು, ಕೋರ್ಟು ಇದ್ದದ್ದು ಇದ್ದ ಹಾಗೇ ಇರಲಿ ಅಂದಿತ್ತು. ಇವರೂ ಹೋಗುವಂತಿಲ್ಲ, ಎದುರು ಪಾರ್ಟಿಯೂ ಹೋಗುವಂತಿಲ್ಲ. ಹದಿಮೂರು ವರ್ಷದಿಂದ ಆಕೆ ಆ ಗೇಟಿನ ಹೊರಗೆ ಆಟೋ ನಿಲ್ಲಿಸಿ ನೋಡಿ ವಾಪಸು ಬರುತ್ತಿದ್ದರಂತೆ.

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರನೇ ಹೆಸರಿನ ಹುಡುಗ ಹನ್ನೊಂದನೇ ವಯಸ್ಸಿಗೆ ಹೋಗಿಬಿಟ್ಟ, ಅವನ ಕೊನೇ ಗೆರೆ ಚೌಕಟ್ಟಿನಲ್ಲಿ ಇನ್ನೂ ಇದೆಯಾ ಅಂತಷ್ಟೇ ಕೇಳಿದರು. ನನ್ನ ಫೋಟೋದಲ್ಲಿ ಅದು ಇರಲಿಲ್ಲ! ಬೆಳಕು ಚೆನ್ನಾಗಿ ಬಿದ್ದ ಭಾಗ ಮಾತ್ರ ಸಾಕು ಅಂತ ಮೇಲಿನದನ್ನು ಕತ್ತರಿಸಿ ಹಾಕಿದ್ದೆ. ಮನೆಗೆ ಬಂದು ಹಳೇ ಹಾರ್ಡ್ ಡಿಸ್ಕೆಲ್ಲ ಜಾಲಾಡಿದೆ. ಮೂಲ ಫೈಲು ಸಿಕ್ಕಿತು, ಇಡೀ ಚೌಕಟ್ಟು ಪ್ರಿಂಟ್ ಹಾಕಿಸಿ ಕೊಟ್ಟೆ. ಕ್ಯಾಬಿನ್ನಿನ ಫೋಟೋವನ್ನು ಅವತ್ತೇ ಇಳಿಸಿದೆ.

ನೋಡಿ, ನಾನು ಬರೀ ಬಿಕಾಂ ಓದಿದವನು. ಕಲೆಯ ಸಿದ್ಧಾಂತ ಗೊತ್ತಿಲ್ಲ. ಆದರೆ ಮೂವತ್ತು ವರ್ಷ ಸಾಲದ ಕಾಗದ ನೋಡಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ, "ಯಾರೂ ಇಲ್ಲದ ಮನೆ" ಅನ್ನುವುದೊಂದು ಈ ದೇಶದಲ್ಲಿ ಇಲ್ಲವೇ ಇಲ್ಲ. ಚೆನ್ನೈನಲ್ಲಿ ಬೀಗ ಬಿದ್ದ ಮನೆ ಅಂದರೆ ಪಾಲಿನ ಜಗಳ, ಇಲ್ಲವೇ ಬಾಡಿಗೆದಾರನ ಜೊತೆ ವ್ಯಾಜ್ಯ, ಇಲ್ಲವೇ ಮಕ್ಕಳೆಲ್ಲ ಅಮೆರಿಕ. ಇಲ್ಲವೇ ನಾವು, ಅಂದರೆ ಬ್ಯಾಂಕಿನವರು. 2002ರ ಸರ್ಫೇಸಿ ಕಾಯ್ದೆ ಪ್ರಕಾರ ಸಾಲ ತೀರಿಸದವರ ಮನೆ ಸ್ವಾಧೀನಕ್ಕೆ ತೆಗೆದುಕೊಂಡರೆ ಬಾಗಿಲಿಗೆ ನೋಟೀಸು ಅಂಟಿಸಬೇಕು, ಎರಡು ಪತ್ರಿಕೆಯಲ್ಲಿ ಹಾಕಿಸಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದು. ಆ ನೋಟೀಸು ನಾನೇ ಗೋಂದು ಹಚ್ಚಿ ಅಂಟಿಸಿದ್ದೇನೆ. ಒಳಗಿನಿಂದ ಮಕ್ಕಳು ಕಿಟಕಿಯಲ್ಲಿ ನೋಡುತ್ತಿರುತ್ತವೆ. ಎರಡು ವರ್ಷದ ಮೇಲೆ ನಮ್ಮ ಫೋಟೋ ಗೆಳೆಯರು ಅದೇ ಬಾಗಿಲಿನ ಮುಂದೆ ನಿಂತು, ಅರ್ಧ ಹರಿದ ಆ ಕಾಗದವನ್ನು "ಟೆಕ್ಸ್ಚರ್" ಅಂತ ತೆಗೆಯುತ್ತಾರೆ.

ನಮ್ಮ ಬ್ಯಾಂಕಿಗೆ ಆಸ್ತಿ ಮೌಲ್ಯ ಮಾಡಿಕೊಡುವವರೂ ಫೋಟೋ ತೆಗೆಯುತ್ತಾರೆ. ಸೊಟ್ಟ ಸೊಟ್ಟ, ಅರ್ಧ ಮಸುಕು, ಅಡ್ಡ ಒಂದು ನಾಯಿ. ಆದರೆ ಹಿಂದೆ ಡೋರ್ ನಂಬರು, ಸರ್ವೆ ನಂಬರು, ತಾರೀಖು, ಮಾಲೀಕರ ಹೆಸರು ಇರುತ್ತದೆ. ಐವತ್ತು ವರ್ಷದ ಮೇಲೆ ಈ ಊರಿನ ಚರಿತ್ರೆ ಬರೆಯುವವನಿಗೆ ಆ ಸೊಟ್ಟ ಫೋಟೋ ಉಪಯೋಗಕ್ಕೆ ಬಂದೀತೇ ಹೊರತು ನಮ್ಮ "ಕಾಲ ನಿಂತ ಮನೆ" ಅಲ್ಲ.

ನಾವು ತೆಗೆಯದಿದ್ದರೆ ನೆನಪೇ ಉಳಿಯುವುದಿಲ್ಲ ಅಂತ ಹುಡುಗ ವಾದಿಸಿದ. ಇದು ಒಪ್ಪಬೇಕಾದ ಮಾತು. 1985ರಲ್ಲಿ ಸುಟ್ಟುಹೋದ ಮೂರ್ ಮಾರ್ಕೆಟ್ ಹೇಗಿತ್ತು ಅಂತ ನಾನು ತಿಳಿದದ್ದೇ ಫೋಟೋಗಳಿಂದ. ಮೌಂಟ್ ರೋಡಿನ ಭಾರತ್ ಇನ್ಶೂರೆನ್ಸ್ ಕಟ್ಟಡ ನೋಡಿ. ಔಷಧ ವ್ಯಾಪಾರದ ಸ್ಮಿತ್ ಕಂಪನಿಗಾಗಿ 1897ರಲ್ಲಿ ಕಟ್ಟಿದ್ದು, ಕೈ ಬದಲಾಗಿ ಎಲ್‌ಐಸಿಗೆ ಬಂತು, 2006ರಲ್ಲಿ ಒಡೆಯಲು ಶುರುಮಾಡಿದರು. ಇನ್‌ಟ್ಯಾಕ್ ಸಂಸ್ಥೆಯವರು ಹೈಕೋರ್ಟಿಗೆ ಹೋಗಿ ತಡೆದರು. ಹೋಗಲು ಅವರ ಕೈಯಲ್ಲಿ ಬೇಕಾಗಿದ್ದದ್ದು ಏನು? ಯಾರು ಕಟ್ಟಿದ್ದು, ಯಾವಾಗ, ಯಾರಿಂದ ಯಾರಿಗೆ ಹೋಯಿತು ಅನ್ನುವ ವಿವರ. ಪಾರಿವಾಳ ಹಾರುವ ಕಪ್ಪು ಬಿಳುಪು ಚಿತ್ರ ಹಿಡಿದು ಯಾರೂ ರಿಟ್ ಹಾಕುವುದಿಲ್ಲ. ಎಸ್. ಮುತ್ತಯ್ಯ 1991ರಿಂದ ತಾವು ತೀರಿಕೊಂಡ 2019ರವರೆಗೂ "ಮದ್ರಾಸ್ ಮ್ಯೂಸಿಂಗ್ಸ್" ಪತ್ರಿಕೆಯಲ್ಲಿ ಮಾಡಿದ್ದು ಇದೇ ಲೆಕ್ಕ ಬರೆಯುವ ಕೆಲಸ.

ಇಲ್ಲಿಯವರನ್ನು ಮಾತ್ರ ಯಾಕೆ ಬೈಯಲಿ, ನಮ್ಮ ಕಡೆಯೂ ಇದೇ ಕಥೆ. ಹಾಸನದ ಹತ್ತಿರ ಶೆಟ್ಟಿಹಳ್ಳಿ ಚರ್ಚಿದೆಯಲ್ಲ, 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. "ತೇಲುವ ಚರ್ಚ್" ಅಂತ ಎಷ್ಟು ಸಾವಿರ ಫೋಟೋ! ಮದುವೆಗೆ ಮುಂಚಿನ ಜೋಡಿಗಳು ಗೌನು ಹಾಕಿಕೊಂಡು ಅಲ್ಲಿ ಕಂಬ ತಬ್ಬಿಕೊಳ್ಳುತ್ತಾರೆ. ಚರ್ಚು ತೇಲುತ್ತಿಲ್ಲ ಸ್ವಾಮಿ, ಗೊರೂರು ಅಣೆಕಟ್ಟಿಗಾಗಿ ಊರು ಮುಳುಗಿದೆ. ಅಲ್ಲಿ ಪೂಜೆಗೆ ಬರುತ್ತಿದ್ದವರನ್ನು ಎಬ್ಬಿಸಿ ಬೇರೆ ಕಡೆ ಕಳಿಸಿದರು. ಅವರು ಎಲ್ಲಿಗೆ ಹೋದರು ಅಂತ ಫೋಟೋದ ಕೆಳಗೆ ಒಂದು ಸಾಲು ಬರೆದವರನ್ನು ನಾನು ಕಂಡಿಲ್ಲ.

ಕೆಜಿಎಫ್ ಇನ್ನೊಂದು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಸಿನಿಮಾ ಬಂದ ಮೇಲಂತೂ ಸಯನೈಡ್ ದಿಬ್ಬ, ತುಕ್ಕು ಹಿಡಿದ ಶಾಫ್ಟು ಅಂತ ಬೆಂಗಳೂರಿನಿಂದ, ಇಲ್ಲಿಂದ ದಂಡು ಹೋಗುತ್ತದೆ. 2019ರಲ್ಲಿ ನಾನೂ ಹೋಗಿದ್ದೆ. ಲೈನ್ ಮನೆಗಳ ಮುಂದೆ ಹೆಂಗಸರು ಪಾತ್ರೆ ತೊಳೆಯುತ್ತಿದ್ದಾರೆ, ಗಂಡಸರು ಬೆಳಗಿನ ರೈಲಿಗೆ ಬೆಂಗಳೂರಿನ ಕೆಲಸಕ್ಕೆ ಹೋಗಿದ್ದಾರೆ, ನಮ್ಮವನೊಬ್ಬ ಪಾತ್ರೆ ತೊಳೆಯುವವರಿಗೆ "ಸ್ವಲ್ಪ ಆಚೆ ಹೋಗ್ತೀರಾ" ಅನ್ನುತ್ತಿದ್ದಾನೆ. ಪಾಳು ಊರಿನ ಫೋಟೋದಲ್ಲಿ ಮನುಷ್ಯರು ಬರಬಾರದಲ್ಲ! ಅವರು ತಲೆಮಾರುಗಳ ಹಿಂದೆ ತಮಿಳುನಾಡಿನಿಂದ ನಮ್ಮಲ್ಲಿಗೆ ದುಡಿಯಲು ಬಂದವರ ಮಕ್ಕಳು. ನಾನು ನಮ್ಮಲ್ಲಿಂದ ಇಲ್ಲಿಗೆ ದುಡಿಯಲು ಬಂದವನು. ಅವತ್ತು ನನಗೆ ಬಹಳ ನಾಚಿಕೆಯಾಯಿತು.

ಇನ್ನು ಬೀದಿ ಫೋಟೋ. ಇಲ್ಲೂ ಅದೇ ಚಾಳಿ. ಗೋಡೆ ಇಲ್ಲದವರ ಗೋಡೆ ಹಾರುವುದು ಇನ್ನೂ ಸುಲಭ ನೋಡಿ. ಪುರಸವಾಕ್ಕಂನಲ್ಲಿ ಫುಟ್‌ಪಾತಿನಲ್ಲಿ ಮಲಗಿದವರ ಫೋಟೋ ನಾನೇ ನೂರಾರು ತೆಗೆದಿದ್ದೇನೆ. ಕಾರಿನಲ್ಲಿ ಮಲಗಿದ ಸಾಹುಕಾರನದ್ದು ಒಂದೂ ಇಲ್ಲ, ಅವನು ಇಳಿದು ಬಂದು ಕೇಳುತ್ತಾನಲ್ಲ.

1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೊರೊತಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರ ನೀವು ನೋಡಿರುತ್ತೀರಿ. ಗಲ್ಲಕ್ಕೆ ಕೈ, ಎರಡು ಕಡೆ ಮುಖ ತಿರುಗಿಸಿದ ಮಕ್ಕಳು. ಆಕೆಯ ಹೆಸರು ಕೇಳಲಿಲ್ಲ ಅಂತ ಲ್ಯಾಂಗ್ ತಾನೇ ಮುಂದೆ ಬರೆದಿದ್ದಾಳೆ. ಚಿತ್ರ ಪತ್ರಿಕೆಯಲ್ಲಿ ಬಂದಮೇಲೆ ಆ ಶಿಬಿರಕ್ಕೆ ಸರಕಾರ ಆಹಾರ ಕಳಿಸಿತು, ಒಳ್ಳೆಯದೇ ಆಯಿತು. ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಕೂಲಿ ಹುಡುಕಿ ಮುಂದಿನ ಊರಿಗೆ ಹೋಗಿಯಾಗಿತ್ತು. ಫ್ಲಾರೆನ್ಸ್ ಓವನ್ಸ್ ಥಾಂಪ್ಸನ್ ಅನ್ನುವ ಹೆಸರು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ. ತನಗೆ ಒಂದು ಕಾಸೂ ಬರಲಿಲ್ಲ, ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂದಳಂತೆ ಆಕೆ. ವಲಸೆ ಬಂದವರಾದ ನಮಗಾದರೂ ಈ ಸಂಕಟ ತಿಳಿಯಬೇಡವೇ?

ಕೇಳಿ ತೆಗೆದರೆ ನಿಜ ಹೋಗುತ್ತದೆ ಅನ್ನುವವರು ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಒಮ್ಮೆ ನೋಡಬೇಕು. ಸಾಮಾನ್ಯ ಜನ, ಮಕ್ಕಳು, ಸಂತೆ. ಒಬ್ಬರೂ ಕದ್ದು ತೆಗೆಸಿಕೊಂಡವರ ಹಾಗೆ ಕಾಣುವುದಿಲ್ಲ, ಮನೆಗೆ ಬಂದ ನೆಂಟನನ್ನು ನೋಡುವ ಹಾಗೆ ಕ್ಯಾಮರಾ ಕಡೆ ನೋಡುತ್ತಾರೆ. ಅಲ್ಲಿ ನಿಜ ಕಡಿಮೆಯಾಗಿದೆಯೇ?

ಈಗ ನಾನು ಮೊದಲು ಕೇಳುತ್ತೇನೆ. "ಎಡುಕ್ಕಲಾಮಾ?" ಅಂತ ನನ್ನ ಧಾರವಾಡದ ತಮಿಳಿನಲ್ಲಿ. ಹತ್ತರಲ್ಲಿ ನಾಲ್ಕು ಜನ ಬೇಡ ಅನ್ನುತ್ತಾರೆ. ಬೇಡ ಅಂದರೆ ಬೇಡ. ಪುರಸವಾಕ್ಕಂನ ಗಂಗಾಧರೇಶ್ವರ ದೇವಸ್ಥಾನದ ಹತ್ತಿರ ಹೂ ಕಟ್ಟುವ ಹೆಂಗಸು ಒಂದು ವಾರ ಬೇಡ ಅಂದು, ಮುಂದಿನ ವಾರ ತಾನೇ ಕರೆದು, ರೇಷ್ಮೆ ಸೀರೆ ಉಟ್ಟು ಬಂದಿದ್ದೇನೆ ಈಗ ತೆಗಿ ಅಂದಳು. ಹೂ ಕಟ್ಟುವುದು ತೆಗೆಯಲು ಬಿಡಲಿಲ್ಲ, ನೆಟ್ಟಗೆ ನಿಂತಳು, ಪಾಸ್‌ಪೋರ್ಟ್ ಫೋಟೋ ಹಾಗೆ. ನನ್ನ ಪ್ರಕಾರ ಅದು ಒಳ್ಳೇ ಫೋಟೋ ಅಲ್ಲ. ಅವಳ ಪ್ರಕಾರ ಹೌದು. ಮನೆಯಲ್ಲಿ ದೇವರ ಪಕ್ಕ ಇಟ್ಟಿದ್ದಾಳಂತೆ. ಪ್ರಿಂಟಿಗೆ ಒಂದು ಫಿಲ್ಟರ್ ಕಾಫಿಯಷ್ಟೂ ಖರ್ಚಾಗಲಿಲ್ಲ.

ಇಷ್ಟೆಲ್ಲ ಹುಡುಗನಿಗೆ ಹೇಳಿದೆ. ಅವನು "ನೀವು ತುಂಬಾ ಸೆಂಟಿಮೆಂಟಲ್ ಅಂಕಲ್" ಅಂದ. ಇರಬಹುದು. ಅದಕ್ಕೂ ಕಾರಣ ಇದೆ.

ಊರಲ್ಲಿ ನಮ್ಮದೊಂದು ಮಣ್ಣಿನ ಮಾಳಿಗೆಯ ಮನೆ. 2014ರಲ್ಲಿ ಅವ್ವ ತೀರಿಕೊಂಡ ಮೇಲೆ ಬೀಗ. ಹೋದ ವರ್ಷ ಯಾರೋ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು, "ಉತ್ತರ ಕರ್ನಾಟಕದ ಪಾಳುಬಿದ್ದ ಮನೆಗಳು" ಅಂತ ಐದಾರು ಚಿತ್ರ. ಮೂರನೆಯದು ನಮ್ಮನೆ. ಬೆಳಕು ಬಹಳ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒಳಗಿನ ಪಡಸಾಲೆಯೂ ಇತ್ತು, ಅಂದರೆ ಹಿತ್ತಲಿಂದ ಇಳಿದಿದ್ದಾರೆ. ಅವ್ವನ ಬೀಸುಕಲ್ಲು, ಗೂಟಕ್ಕೆ ನೇತುಹಾಕಿದ ಅಪ್ಪನ ಕೊಡೆ.

ತಮಿಳಿನಲ್ಲಿ ಇಂಥ ಮನೆಗೆ "ಪಾಳಡೈಂದ" ಅನ್ನುತ್ತಾರೆ, ನಮ್ಮ ಪಾಳೂ ಅದೇ ಶಬ್ದ. ನಾವು ಬೀಗ ಹಾಕಿದ್ದೇವೆ, ಬಿಟ್ಟಿಲ್ಲ. ಪ್ರತಿ ವರ್ಷ ಮಾರ್ಚಿನಲ್ಲಿ ಬ್ಯಾಂಕಿನ ಲೆಕ್ಕ ಮುಗಿಸುವ ಗಡಿಬಿಡಿಯ ನಡುವೆ ಗ್ರಾಮ ಪಂಚಾಯಿತಿಗೆ ಮನೆ ತೆರಿಗೆ ಕಟ್ಟುತ್ತೇನೆ. ರಸೀದಿಗಳೆಲ್ಲ ಈ ಕೀಲ್ಪಾಕಿನ ಬೀರುವಿನಲ್ಲಿ ಇವೆ. ಫೋಟೋ ತೆಗೆದ ಪುಣ್ಯಾತ್ಮ ಯಾರು ಅಂತ ಹುಡುಕುತ್ತಿದ್ದೇನೆ. ಜಗಳ ಆಡಲಿಕ್ಕಲ್ಲ. ಅಡುಗೆಮನೆಯ ಮೂಲೆಯದ್ದೂ ಒಂದು ತೆಗೆದಿದ್ದಾನಾ ಅಂತ ಕೇಳಬೇಕು.